ಮಗು ಕಾರ್ಟೂನಿನ ಮಾತಾಡುತ್ತಿದೆ: ಟಿವಿ ನಿಲ್ಲಿಸಬೇಕೇ, ಟಿವಿಯ ಭಾಷೆ ಬದಲಿಸಬೇಕೇ?

ಪ್ರಶ್ನೆ: ಡೊಂಬಿವಲಿಯ ತಾಯಿ

ಎಲ್ಲರಿಗೂ ನಮಸ್ಕಾರ. ನಾವು ಮೂಲತಃ ಗದಗ ಜಿಲ್ಲೆಯವರು, ಈಗ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನೆಲೆಸಿದ್ದೇವೆ. ಮಗನಿಗೆ ನಾಲ್ಕೂವರೆ ವರ್ಷ. ನಾನೂ ಯಜಮಾನರೂ ಬೆಳಿಗ್ಗೆ ಲೋಕಲ್ ಹಿಡಿದು ಕೆಲಸಕ್ಕೆ ಹೋದರೆ ಮನೆಗೆ ಮರಳುವುದು ಕತ್ತಲಾದ ಮೇಲೆಯೇ. ಬಾಲವಾಡಿಯಿಂದ ಬಂದ ನಂತರ ಅವನು ಇಡೀ ಮಧ್ಯಾಹ್ನ ನನ್ನ ಅತ್ತೆಯವರ ಜೊತೆಗಿರುತ್ತಾನೆ. ಅತ್ತೆಯವರಿಗೆ ಮೊಣಕಾಲು ನೋವು, ಅವನ ಹಿಂದೆ ಓಡಾಡುವುದು ಅವರಿಂದಾಗದು. ಹೀಗಾಗಿ ಟಿವಿ ಹಚ್ಚಿಯೇ ಇರುತ್ತದೆ: ಸ್ವಲ್ಪ ಹೊತ್ತು ಅವನ ಕಾರ್ಟೂನ್, ಸ್ವಲ್ಪ ಹೊತ್ತು ಅವರ ಕನ್ನಡ ಧಾರಾವಾಹಿ.

ಕೆಲವು ತಿಂಗಳುಗಳಿಂದ ಅವನ ಮಾತಿನ ಧಾಟಿಯೇ ಬೇರೆಯಾಗಿದೆ. ಊಟಕ್ಕೆ ಕರೆದರೆ, ನಮ್ಮ ಕಟ್ಟಡದಲ್ಲಿ ಯಾರೂ ಆಡದಂಥ ನಾಟಕದ ಹಿಂದಿಯಲ್ಲಿ ‘ಯೇ ಕಭೀ ನಹೀ ಹೋ ಸಕತಾ’ (ಇದು ಎಂದಿಗೂ ಆಗದು) ಎಂದು ಕೈಯೆತ್ತಿ ಹೇಳುತ್ತಾನೆ. ಬಿದ್ದಾಗ ‘ಅವ್ವಾ’ ಎನ್ನುತ್ತಿದ್ದವನು ಈಗ ‘ಬಚಾವೋ, ಬಚಾವೋ’ ಎಂದು ಕೂಗುತ್ತಾನೆ. ಬಂದ ನೆಂಟರು ನಗುತ್ತಾರೆ, ಇನ್ನೊಮ್ಮೆ ಹೇಳು ಎಂದು ಕೇಳುತ್ತಾರೆ. ಆದರೆ ಮಾತಿನ ಹಿಂದೆಯೇ ನಡತೆಯೂ ಬಂದಿದೆ. ಒಂದು ಕಾರ್ಟೂನಿನ ತುಂಟ ಹುಡುಗನ ಹಾಗೆ ಹುಬ್ಬು ಕುಣಿಸಿ ಹಿರಿಯರಿಗೆ ಎದುರು ಉತ್ತರ ಕೊಡುವುದು, ಇನ್ನೊಂದರಲ್ಲಿ ಕಂಡಂತೆ ಎದುರು ಮನೆಯ ಹುಡುಗನ ಹೊಟ್ಟೆಗೆ ಗುದ್ದಿ ತಾನೇ ‘ಡಿಶುಂ’ ಎನ್ನುವುದು, ಇವೆಲ್ಲ ದಿನನಿತ್ಯದ ಮಾತಾಗಿವೆ. ಅತ್ತೆಯವರಿಗೆ ಹಿಂದಿ ಅಷ್ಟಾಗಿ ತಿಳಿಯದು. ಮೊಮ್ಮಗ ತಮ್ಮನ್ನು ಹಂಗಿಸುತ್ತಿದ್ದಾನೋ, ಮುದ್ದಿನಿಂದ ಮಾತಾಡಿಸುತ್ತಿದ್ದಾನೋ ಎಂಬುದು ಗೊತ್ತಾಗದೆ ಅವರು ನನ್ನ ಮುಖ ನೋಡುತ್ತಾರೆ.

ಟಿವಿಯನ್ನು ಪೂರ್ತಿ ನಿಲ್ಲಿಸಿ ಎನ್ನುವವರಿದ್ದಾರೆ, ಕನ್ನಡ ಕಾರ್ಟೂನ್ ಹಚ್ಚಿಕೊಡಿ ಎನ್ನುವವರಿದ್ದಾರೆ. ಮೂರು ಭಾಷೆಗಳ ನಡುವೆ ಮಗು ಗೊಂದಲಕ್ಕೆ ಬಿದ್ದಿದೆ, ಮನೆಯಲ್ಲಿ ಇಂಗ್ಲಿಷನ್ನೇ ಆಡಿ ಎಂದು ಬಾಲವಾಡಿಯಲ್ಲಿ ಹೇಳಿದ್ದಾರೆ. ಕಾರ್ಟೂನಿನಿಂದ ಮಕ್ಕಳು ನಿಜವಾಗಿ ಎಷ್ಟು ಕಲಿಯುತ್ತಾರೆ, ಯಾವುದು ತಾನಾಗಿ ಬಿಟ್ಟುಹೋಗುತ್ತದೆ, ಯಾವುದಕ್ಕೆ ಚಿಂತಿಸಬೇಕು? ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ: ಘಾಟ್ಕೋಪರಿನ ನಿವೃತ್ತ ಶಿಕ್ಷಕ

ತಾಯಿ, ನಾನು ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು. ಮನೆಯಲ್ಲಿ ಕನ್ನಡ ಅಥವಾ ತುಳು, ಅಂಗಳದಲ್ಲಿ ಮರಾಠಿ, ಅಂಗಡಿಯಲ್ಲಿ ಹಿಂದಿ ಆಡುವ ಮಕ್ಕಳೇ ನನ್ನ ಮುಂದೆ ಕುಳಿತಿದ್ದರು. ಭಾಷೆ ಮೂರಾಯಿತೆಂದು ತಲೆ ಕೆಟ್ಟ ಮಗುವನ್ನು ನಾನು ಕಂಡಿಲ್ಲ. ಯಾರೊಡನೆ ಯಾವುದನ್ನು ಆಡಬೇಕೆಂಬುದು ಮಕ್ಕಳಿಗೆ ನಮಗಿಂತ ಬೇಗ ತಿಳಿಯುತ್ತದೆ. ಆದ್ದರಿಂದ ಮನೆಯಲ್ಲಿ ಇಂಗ್ಲಿಷನ್ನೇ ಆಡಬೇಕೆಂಬ ಸಲಹೆಯನ್ನು ಮೊದಲು ಪಕ್ಕಕ್ಕಿಡಿ. ಅಜ್ಜಿಗೆ ಬಾರದ ಎರಡು ಭಾಷೆಗಳ ನಡುವೆ ಆ ಹಿರಿಯ ಜೀವವನ್ನು ಕೂಡಿಸಿದಂತಾಗುತ್ತದೆ, ಅಷ್ಟೇ.

ಕಾರ್ಟೂನು ಮಕ್ಕಳಿಗೆ ಪರಭಾಷೆ ಕಲಿಸುತ್ತದೆ ಎಂಬ ಭಯ ನಮ್ಮದೊಂದೇ ಅಲ್ಲ. 2013ರಲ್ಲಿ ಬಾಂಗ್ಲಾದೇಶದ ಸರ್ಕಾರ, ಹಿಂದಿಗೆ ಡಬ್ ಆದ ‘ಡೋರೆಮಾನ್’ ನೋಡಿ ತಮ್ಮ ಮಕ್ಕಳು ಬಂಗಾಳಿಯ ಬದಲು ಹಿಂದಿ ಆಡುತ್ತಿದ್ದಾರೆಂಬ ಕಾರಣಕ್ಕೆ, ಅದನ್ನು ತೋರಿಸುತ್ತಿದ್ದ ಚಾನೆಲ್‌ಗಳನ್ನೇ ತಡೆಯಿತು. ಜಪಾನಿನ ಕಥೆ, ಹಿಂದಿಯ ಮಾತು, ಢಾಕಾದ ಮಗು! ಒಂದು ದೇಶದ ಸರ್ಕಾರವೇ ಕೈ ಹಾಕುವಷ್ಟು ಆ ಮಾತು ಮಕ್ಕಳ ಬಾಯಿಗೆ ಬಂದಿತ್ತು ಎಂಬುದನ್ನು ಒಪ್ಪಬೇಕು. ಆದರೆ ಅಲ್ಲಿನ ಮಕ್ಕಳಿಗೆ ಹಿಂದಿ ಟಿವಿಯಿಂದ ಮಾತ್ರ ಬರುತ್ತಿತ್ತು. ಡೊಂಬಿವಲಿಯಲ್ಲಿ ಅದು ರಿಕ್ಷಾ ಸ್ಟ್ಯಾಂಡಿನಿಂದಲೂ ಬರುತ್ತದೆ, ತಡೆದು ಫಲವಿಲ್ಲ.

ನನಗೆ ಹಿಂದಿಗಿಂತ ಹೆಚ್ಚು ಚಿಂತೆ ಹುಟ್ಟಿಸುವುದು ಬೇರೆಯದು. ಮುಂಬಯಿಯಲ್ಲೇ ತಯಾರಾಗಿ 2012ರಿಂದ ಪ್ರಸಾರವಾಗುತ್ತಿರುವ ‘ಮೋಟು ಪತ್ಲು’ವಿನಲ್ಲಿ ಚಿಂಗಮ್ ಎಂಬ ಒಬ್ಬ ಇನ್‌ಸ್ಪೆಕ್ಟರ್ ಇದ್ದಾನೆ. ಅವನ ಹಿಂದಿಗೆ ದಕ್ಷಿಣದವರ ಉಚ್ಚಾರವನ್ನು ಹಚ್ಚಿದ್ದಾರೆ, ಆ ಉಚ್ಚಾರವೇ ಅಲ್ಲಿ ನಗೆಗೆ ವಸ್ತು. ಚಾಳಿನ (ಸಾಲುಮನೆಗಳ) ಮಕ್ಕಳು ಅದನ್ನು ತಪ್ಪಿಲ್ಲದೆ ಅನುಕರಿಸುತ್ತಾರೆ. ಆಮೇಲೆ ಅದೇ ಧಾಟಿಯನ್ನು ಪಕ್ಕದ ಮನೆಯ ಶೆಟ್ಟರ ಮೇಲೋ ಸ್ವಂತ ಅಜ್ಜನ ಮೇಲೋ ಪ್ರಯೋಗಿಸುತ್ತಾರೆ. ನಮ್ಮ ಮಕ್ಕಳೂ ನಗುತ್ತಾರೆ, ಯಾರನ್ನು ನೋಡಿ ನಗುತ್ತಿದ್ದೇವೆಂಬುದು ಅವರಿಗೆ ಹೊಳೆಯುವುದಿಲ್ಲ. ಹೈದರಾಬಾದಿನಲ್ಲಿ ತಯಾರಾಗಿ 2008ರಿಂದ ಮನೆಮನೆಗೂ ಬಂದ ‘ಛೋಟಾ ಭೀಮ್’ನಲ್ಲಿ ಭೀಮನೊಡನೆ ಸದಾ ಪೈಪೋಟಿಗಿಳಿದು ಸೋಲುವ ದಪ್ಪ ಹುಡುಗನಿಗೆ ಕಾಲಿಯಾ, ಅಂದರೆ ಕರಿಯ, ಎಂದು ಹೆಸರು. ಮೈಬಣ್ಣ ಕಪ್ಪಾಗಿರುವ ಮಗುವೊಂದು ತರಗತಿಗೆ ಬಂದರೆ ಆ ಹೆಸರು ಅದಕ್ಕೆ ಅಂಟಲು ಎಷ್ಟು ಹೊತ್ತು ಬೇಕು? ಗುದ್ದುವುದನ್ನು ನಾವು ಕಾಣುತ್ತೇವೆ, ತಡೆಯುತ್ತೇವೆ. ಇಂಥ ಹೆಸರು ಮತ್ತು ಅಣಕ ಸದ್ದಿಲ್ಲದೆ ಮನೆಯೊಳಗೆ ಸೇರುತ್ತವೆ.

ಕನ್ನಡ ಕಾರ್ಟೂನ್ ಬೇಕೆಂದಾದರೆ ಸನ್ ಸಮೂಹದ ಚಿಂಟು ಟಿವಿ 2009ರಿಂದ ಇದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) 2019ರಲ್ಲಿ ಜಾರಿಗೆ ಬಂದ ನಿಯಮದಂತೆ ಬೇಕಾದ ಚಾನೆಲನ್ನು ಬಿಡಿಯಾಗಿ ಆರಿಸಿಕೊಳ್ಳುವ ಅವಕಾಶವೂ ಇದೆ. ನಿಮ್ಮ ಕೇಬಲ್‌ನವನನ್ನೋ ಡಿಶ್ ಕಂಪನಿಯನ್ನೋ ಹೆಸರು ಹೇಳಿ ಕೇಳಿ. ಅವರಾಗಿ ಮಹಾರಾಷ್ಟ್ರದ ಪ್ಯಾಕೇಜಿನಲ್ಲಿ ಕನ್ನಡದ ಮಕ್ಕಳ ಚಾನೆಲ್ ಸೇರಿಸಿಕೊಡುತ್ತಾರೆಂದು ಕಾಯಬೇಡಿ.

ಉತ್ತರ: ಪುಣೆಯ ಸ್ಪೀಚ್ ಥೆರಪಿಸ್ಟ್

ಅಕ್ಕಾ, ನಿಮ್ಮದು ಒಂದೇ ಪ್ರಶ್ನೆಯಂತೆ ಕಂಡರೂ ಅದರಲ್ಲಿ ನಡತೆಯ ಅನುಕರಣೆ ಮತ್ತು ಭಾಷೆಯ ಕಲಿಕೆ ಎಂಬ ಎರಡು ವಿಷಯಗಳಿವೆ. ಅವೆರಡೂ ಒಂದೇ ರೀತಿಯಲ್ಲಿ ನಡೆಯುವುದಿಲ್ಲವಾದ್ದರಿಂದ ಬೇರೆಬೇರೆಯಾಗಿ ನೋಡೋಣ.

ಅನುಕರಣೆಯ ಬಗ್ಗೆ ಮಾತು ಬಂದಾಗಲೆಲ್ಲ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಅವರ ಹೆಸರು ಬರುತ್ತದೆ. 1961ರಲ್ಲಿ ಅವರು ಮತ್ತು ಅವರ ಸಂಗಡಿಗರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುಶಾಲೆಯ 72 ಮಕ್ಕಳೊಂದಿಗೆ ಒಂದು ಪ್ರಯೋಗ ನಡೆಸಿದರು. ಗಾಳಿ ತುಂಬಿದ ದೊಡ್ಡ ಗೊಂಬೆಯೊಂದನ್ನು ದೊಡ್ಡವರೊಬ್ಬರು ಸುತ್ತಿಗೆಯಿಂದ ಹೊಡೆಯುತ್ತ, ಒದೆಯುತ್ತ, ಜೊತೆಗೆ ಕೆಲವು ಗೊತ್ತಾದ ಮಾತುಗಳನ್ನು ಆಡುತ್ತ ಇರುವುದನ್ನು ಕೆಲವು ಮಕ್ಕಳು ನೋಡಿದರು. ಅಂಥವರಲ್ಲಿ ಅನೇಕರು ಆಮೇಲೆ ಅದೇ ಗೊಂಬೆಯನ್ನು ಅದೇ ರೀತಿಯಲ್ಲಿ ಹೊಡೆದರು, ಅವೇ ಮಾತುಗಳನ್ನೂ ಆಡಿದರು. ನಿಮ್ಮ ಮಗನ ಗುದ್ದು ಮತ್ತು ‘ಡಿಶುಂ’ ಒಟ್ಟಿಗೆ ಬರುವುದೂ ಹೀಗೆಯೇ. ಮಗು ಕ್ರಿಯೆಯನ್ನೂ ಅದರ ಸದ್ದನ್ನೂ ಒಂದೇ ಗಂಟಾಗಿ ಎತ್ತಿಕೊಳ್ಳುತ್ತದೆ. 1963ರಲ್ಲಿ ಅವರು 96 ಮಕ್ಕಳನ್ನು ತೆಗೆದುಕೊಂಡು, ಕೆಲವರಿಗೆ ಎದುರಿಗೇ, ಕೆಲವರಿಗೆ ಚಲನಚಿತ್ರದಲ್ಲಿ, ಇನ್ನು ಕೆಲವರಿಗೆ ಕಪ್ಪು ಬೆಕ್ಕಿನ ವೇಷ ಹಾಕಿದ ಕಾರ್ಟೂನಿನಂಥ ಪಾತ್ರದ ಮೂಲಕ ಟಿವಿಯಲ್ಲಿ, ಅದೇ ಹೊಡೆತವನ್ನು ತೋರಿಸಿದರು. ತೆರೆಯ ಮೇಲೆ ನೋಡಿದವರೂ ಎದುರಿಗೆ ನೋಡಿದವರಷ್ಟೇ ಅನುಕರಿಸಿದರು.

ನನ್ನ ದೃಷ್ಟಿಯಲ್ಲಿ ನಿಮಗೆ ಹೆಚ್ಚು ಉಪಯೋಗವಾಗುವುದು 1965ರ ಮೂರನೆಯ ಪ್ರಯೋಗ. ಅದರಲ್ಲಿ ಹೊಡೆದವನಿಗೆ ಕೊನೆಯಲ್ಲಿ ಬಹುಮಾನ ಸಿಗುವುದನ್ನು ಕೆಲವರು, ಶಿಕ್ಷೆಯಾಗುವುದನ್ನು ಕೆಲವರು, ಏನೂ ಆಗದಿರುವುದನ್ನು ಉಳಿದವರು ನೋಡಿದರು. ಶಿಕ್ಷೆ ನೋಡಿದ ಮಕ್ಕಳು ಕಡಿಮೆ ಅನುಕರಿಸಿದರು. ಆದರೆ, ನೋಡಿದ್ದನ್ನು ಮಾಡಿ ತೋರಿಸಿದರೆ ಹಣ್ಣಿನ ರಸ ಮತ್ತು ಚಿತ್ರದ ಚೀಟಿ ಕೊಡುತ್ತೇವೆಂದಾಗ ಆ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ಎಲ್ಲರೂ ಕಲಿತಿದ್ದರು. ಹೊರಗೆ ತೋರಿಸುವುದೋ ಬೇಡವೋ ಎಂಬುದನ್ನು ಮಾತ್ರ ಪ್ರತಿಫಲ ತೀರ್ಮಾನಿಸಿತ್ತು. ಈಗ ನಿಮ್ಮ ನೆಂಟರ ವಿಷಯಕ್ಕೆ ಬನ್ನಿ. ‘ಇನ್ನೊಮ್ಮೆ ಹೇಳು’ ಎನ್ನುವವರ ನಗುವೇ ನಿಮ್ಮ ಮನೆಯ ಹಣ್ಣಿನ ರಸ. ನಾಲ್ಕೂವರೆ ವರ್ಷದ ಮಗುವಿಗೆ ಕೋಣೆಯಲ್ಲಿರುವ ಎಲ್ಲರೂ ತನ್ನತ್ತ ತಿರುಗಿ ನಗುವುದಕ್ಕಿಂತ ದೊಡ್ಡ ಬಹುಮಾನವಿಲ್ಲ.

ಕೆಟ್ಟವನಿಗೆ ಕೊನೆಯಲ್ಲಿ ಸೋಲಾಗುತ್ತದೆ, ಆದ್ದರಿಂದ ನೀತಿ ತಿಳಿಯುತ್ತದೆ ಎಂಬ ಸಮಾಧಾನವನ್ನೂ ಪೂರ್ತಿ ನಂಬಲಾಗದು. ಮೂರು ಕಾಲಿನ ನಾಯಿಯೊಂದನ್ನು ಉಳಿದ ನಾಯಿಗಳು ಮೊದಲು ದೂರವಿಟ್ಟು, ಕೊನೆಗೆ ತಮ್ಮಲ್ಲಿ ಸೇರಿಸಿಕೊಳ್ಳುವ ಕಾರ್ಟೂನ್ ಕಥೆಯನ್ನು ಅಮೆರಿಕದ ಶಿಶುವಿಹಾರದ ಮಕ್ಕಳಿಗೆ ತೋರಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ನಮಗಿಂತ ಭಿನ್ನರಾದವರನ್ನು ಒಪ್ಪಿಕೊಳ್ಳಬೇಕೆಂಬ ನೀತಿಯನ್ನು ಹಿಡಿದ ಮಕ್ಕಳು ಕಡಿಮೆ. ಮೂರು ಕಾಲಿನ ನಾಯಿಯ ಜೊತೆ ಚೆನ್ನಾಗಿರಬೇಕು ಎಂಬಷ್ಟಕ್ಕೇ ನಿಂತವರೂ ಇದ್ದರು. ಕಥೆಯ ಬಹುಭಾಗ ಜಗಳ, ಕೊನೆಯ ಎರಡು ನಿಮಿಷ ರಾಜಿಯಾದರೆ, ಮಗುವಿನ ಕಣ್ಣಲ್ಲಿ ಉಳಿಯುವುದು ಜಗಳ. ನಡುನಡುವೆ ನಿಲ್ಲಿಸಿ ‘ಅವನಿಗೆ ಯಾಕೆ ಅಳು ಬಂತು?’ ಎಂದು ಕೇಳುವ ಹಿರಿಯರು ಪಕ್ಕದಲ್ಲಿದ್ದರೆ ಮಾತು ಬೇರೆ.

ಇನ್ನು ಭಾಷೆ. ಶಿಶುಗಳ ಭಾಷಾಕಲಿಕೆಯ ಸಂಶೋಧಕಿ ಪೆಟ್ರೀಷಿಯಾ ಕುಲ್ ಮತ್ತು ಅವರ ತಂಡ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ 9 ತಿಂಗಳ ಶಿಶುಗಳ ಜೊತೆ ಚೀನೀ ಭಾಷೆಯವರು 12 ಬಾರಿ ಕುಳಿತು ಆಡಿದಾಗ, ಆ ಭಾಷೆಯ ಧ್ವನಿಗಳನ್ನು ಶಿಶುಗಳು ಗುರುತಿಸತೊಡಗಿದವು. ಅವರೇ, ಅದೇ ಮಾತನ್ನು, ಅಷ್ಟೇ ಹೊತ್ತು ಟಿವಿಯಲ್ಲಿ ಆಡಿದಾಗ ಶಿಶುಗಳು ಏನನ್ನೂ ಕಲಿಯಲಿಲ್ಲ. ನಿಮ್ಮ ಮಗ ಆ ವಯಸ್ಸನ್ನು ದಾಟಿದ್ದಾನೆ, ಈಗ ಅವನು ತೆರೆಯಿಂದ ಶಬ್ದಗಳನ್ನು ಕಲಿಯಬಲ್ಲ. ಆದರೂ ಎಲ್ಲ ಕಾರ್ಯಕ್ರಮಗಳೂ ಸಮಾನವಲ್ಲ. ‘ಡೋರಾ’ದಂತೆ ಪಾತ್ರವೇ ಮಗುವಿನತ್ತ ತಿರುಗಿ ಪ್ರಶ್ನೆ ಕೇಳಿ, ಉತ್ತರಕ್ಕಾಗಿ ಕೆಲ ಕ್ಷಣ ಕಾಯುವ ಕಾರ್ಯಕ್ರಮಗಳನ್ನು ನೋಡಿದ ಮಕ್ಕಳ ಶಬ್ದಸಂಪತ್ತು ಹೆಚ್ಚಿದ್ದುದನ್ನೂ, ತೊದಲು ಮಾತಿನ ‘ಟೆಲಿಟಬ್ಬೀಸ್’ ನೋಡಿದವರದು ಕಡಿಮೆಯಿದ್ದುದನ್ನೂ 2005ರ ಅಧ್ಯಯನವೊಂದು ತೋರಿಸಿದೆ. ಓಟ, ಹೊಡೆತ, ಚೀರಾಟವೇ ತುಂಬಿದ ಕಾರ್ಟೂನಿನಲ್ಲಿ ಕಲಿಯಲು ಮಾತೇ ಇರುವುದಿಲ್ಲ, ಉದ್ಗಾರಗಳಷ್ಟೇ ಇರುತ್ತವೆ. ನಿಮ್ಮ ಮಗ ತಂದಿರುವುದೂ ಹೆಚ್ಚಾಗಿ ಉದ್ಗಾರಗಳನ್ನೇ ಎಂಬುದನ್ನು ಗಮನಿಸಿ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಕಾರ್ಟೂನಲ್ಲ, ‘ಟಿವಿ ಹಚ್ಚಿಯೇ ಇರುತ್ತದೆ’ ಎಂಬ ಮಾತು. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಪುಟ್ಟ ಮಕ್ಕಳ ಅಂಗಿಗೆ ಧ್ವನಿ ಮುದ್ರಿಸುವ ಸಾಧನ ಸಿಕ್ಕಿಸಿ ಲೆಕ್ಕ ಹಾಕಿದಾಗ, ಟಿವಿಯ ಸದ್ದು ಕೇಳುವ ಪ್ರತಿ ಗಂಟೆಗೂ ಮಗುವಿನ ಕಿವಿಗೆ ಬೀಳುವ ದೊಡ್ಡವರ ಮಾತು ಸುಮಾರು 770 ಶಬ್ದಗಳಷ್ಟು ಕಡಿಮೆಯಾಗಿತ್ತು. ಟಿವಿ ಯಾರಿಗಾಗಿ ಹಚ್ಚಿದ್ದು ಎಂಬುದು ಇಲ್ಲಿ ಮುಖ್ಯವಲ್ಲ. ಅತ್ತೆಯವರ ಧಾರಾವಾಹಿ ಕನ್ನಡದ್ದೇ ಇರಬಹುದು. ಅದು ನಡೆಯುತ್ತಿರುವಾಗ ಅಜ್ಜಿಯ ಕನ್ನಡ ನಿಂತಿರುತ್ತದೆ.

ಚಿಂತಿಸಬೇಕಾದದ್ದು ಯಾವಾಗ ಎಂದು ಕೇಳಿದ್ದೀರಿ. ಕಾರ್ಟೂನಿನ ವಾಕ್ಯವನ್ನು ಸಂದರ್ಭಕ್ಕೆ ಸರಿಯಾಗಿ ಬಳಸುವುದು ಸಹಜ ಬೆಳವಣಿಗೆ. ಊಟ ಬೇಡವೆನ್ನಲು ‘ಯೇ ಕಭೀ ನಹೀ ಹೋ ಸಕತಾ’ ಎನ್ನುವ ಮಗುವಿಗೆ ಅರ್ಥವೂ ಗೊತ್ತಿದೆ, ಹಾಸ್ಯವೂ ಗೊತ್ತಿದೆ. ಆದರೆ ಯಾವ ಮಗುವೇ ಆಗಲಿ, ಸಂದರ್ಭವಿಲ್ಲದೆ ಕೇಳಿದ ಸಾಲುಗಳನ್ನಷ್ಟೇ ಪುನರುಚ್ಚರಿಸುತ್ತಿದ್ದರೆ, ಹೆಸರು ಹಿಡಿದು ಕರೆದರೆ ತಿರುಗದಿದ್ದರೆ, ಬೇಕಾದದ್ದನ್ನು ಬೆರಳು ತೋರಿಸಿ ಕೇಳದಿದ್ದರೆ, ಸ್ವಂತ ಮಾತು ಕೂಡಿಬರದಿದ್ದರೆ, ಟಿವಿಯನ್ನು ದೂರುತ್ತ ಕಾಲ ಕಳೆಯದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಮುಂಬಯಿಯವರಿಗೆ ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ. ಮಾತು ಮತ್ತು ಶ್ರವಣದ ತಪಾಸಣೆ ಅಲ್ಲಿ ಆಗುತ್ತದೆ. ನೀವು ಬರೆದದ್ದರಲ್ಲಿ ಅಂಥ ಲಕ್ಷಣ ನನಗೆ ಕಾಣಲಿಲ್ಲ.

ಉತ್ತರ: ವಾಸ್ಕೋದ ತಂದೆ

ಪುಣೆಯ ಅಕ್ಕಾವರು ಬರೆದದ್ದನ್ನು ಗೌರವದಿಂದ ಓದಿದೆ, ಆದರೂ ಒಂದು ತಕರಾರಿದೆ. ಆ ಗೊಂಬೆಯನ್ನು ತಯಾರಿಸಿದ್ದೇ ಹೊಡೆಯಲಿಕ್ಕೆ. ಬುಡದಲ್ಲಿ ಭಾರವಿಟ್ಟು, ಹೊಡೆದಷ್ಟೂ ಎದ್ದು ನಿಲ್ಲುವಂತೆ ಮಾಡಿದ ಆಟಿಕೆ ಅದು. ಅದನ್ನು ಹೊಡೆದ ಮಗು ತಮ್ಮನನ್ನೂ ಹೊಡೆಯುತ್ತದೆಂದು ಹೇಳಲು ಬರುವುದಿಲ್ಲ. ಪ್ರಯೋಗಾಲಯದಲ್ಲಿ ಹಿರಿಯರೊಬ್ಬರು ಹೀಗೆ ಆಡಿ ತೋರಿಸಿದರೆ, ಇಲ್ಲಿ ಹೀಗೆ ಆಡುವುದೇ ರೂಢಿಯೆಂದು ಮಗು ತಿಳಿದಿರಲೂಬಹುದು.

ನನ್ನ ಇಬ್ಬರು ಮಕ್ಕಳೂ ಇಲ್ಲಿ ಕೊಂಕಣಿ, ಹಿಂದಿ, ಕನ್ನಡಗಳ ನಡುವೆಯೇ ಬೆಳೆಯುತ್ತಿದ್ದಾರೆ. ‘ಛೋಟಾ ಭೀಮ್’ನಲ್ಲಿ ಕಂಡಂತೆ ಲಾಡು ತಿಂದ ಕೂಡಲೇ ಭೀಮನಾಗಿ ಮಂಚದಿಂದ ಹಾರುತ್ತಾರೆ, ನಿಜ. ಆದರೆ ಅವರು ಆಡುವ ಬೈಗುಳ ಯಾವ ಕಾರ್ಟೂನಿನಲ್ಲೂ ಇಲ್ಲ. ಅದು ಬಂದರಿನ ಲಾರಿ ನಿಲ್ಲುವ ಜಾಗದಿಂದ, ಮತ್ತು ಹೇಳಲೇಬೇಕೆಂದರೆ ಕ್ರಿಕೆಟ್ ನೋಡುವಾಗಿನ ದೊಡ್ಡವರಿಂದ ಬಂದದ್ದು. ಕಾರ್ಟೂನಿಗೆ ಎದ್ದು ನಿಂತು ಉತ್ತರ ಹೇಳಲು ಬಾಯಿಲ್ಲವಾದ್ದರಿಂದ ಎಲ್ಲ ಆರೋಪವನ್ನೂ ಅದರ ಮೇಲೆ ಹೊರಿಸುವುದು ನಮಗೆ ಸುಲಭವಾಗಿದೆ.

ಮರುಉತ್ತರ: ಪುಣೆಯ ಸ್ಪೀಚ್ ಥೆರಪಿಸ್ಟ್

ಅಣ್ಣಾ, ಗೊಂಬೆಯ ಬಗ್ಗೆ ನೀವೆತ್ತಿದ ಆಕ್ಷೇಪವನ್ನು ಆ ಶಾಸ್ತ್ರದವರೇ ಹಿಂದಿನಿಂದ ಎತ್ತುತ್ತ ಬಂದಿದ್ದಾರೆ, ಅದರಲ್ಲಿ ಹುರುಳಿದೆ. ಆ ಪ್ರಯೋಗದಿಂದ ಅನುಕರಣೆಯ ಬಗೆ ತಿಳಿಯುತ್ತದೆಯೇ ಹೊರತು ಮಗು ಮುಂದೆ ರೌಡಿಯಾಗುತ್ತದೆಂಬ ಭವಿಷ್ಯವಾಣಿ ಅದರಲ್ಲಿಲ್ಲ. ನೋಡಿದ ತಕ್ಷಣದ ಪರಿಣಾಮಕ್ಕಾದರೆ ಬೇರೆ ಆಧಾರವಿದೆ. 2011ರಲ್ಲಿ ನಾಲ್ಕು ವರ್ಷದ 60 ಮಕ್ಕಳಲ್ಲಿ ಕೆಲವರಿಗೆ ದೃಶ್ಯ ಸರಸರನೆ ಬದಲಾಗುವ ಕಾರ್ಟೂನನ್ನು ಕೇವಲ 9 ನಿಮಿಷ ತೋರಿಸಿ, ಉಳಿದವರಿಗೆ ನಿಧಾನಗತಿಯ ಕಾರ್ಯಕ್ರಮವನ್ನೋ ಚಿತ್ರ ಬಿಡಿಸುವ ಕೆಲಸವನ್ನೋ ಕೊಟ್ಟು, ಕೂಡಲೇ ಪರೀಕ್ಷಿಸಿದರು. ಆಸೆಯನ್ನು ತಡೆದು ಕಾಯುವುದು, ಹೇಳಿದ ನಿಯಮದಂತೆ ನಡೆಯುವುದು ಮುಂತಾದವುಗಳಲ್ಲಿ ವೇಗದ ಕಾರ್ಟೂನ್ ನೋಡಿದವರು ಹಿಂದೆ ಬಿದ್ದರು. ಎಷ್ಟು ಹೊತ್ತಿನವರೆಗೆ ಹಾಗಿದ್ದರೆಂಬುದನ್ನು ಆ ಅಧ್ಯಯನ ಅಳೆಯಲಿಲ್ಲ. ಆದರೂ ಟಿವಿ ಆರಿಸಿದ ಮರುಗಳಿಗೆಯಲ್ಲೇ ‘ಬಾ, ಊಟಕ್ಕೆ ಕೂತ್ಕೋ’ ಎಂದರೆ ಮಗು ಯಾಕೆ ಕೇಳುವುದಿಲ್ಲವೆಂಬುದಕ್ಕೆ ಇಷ್ಟು ಸಾಕು. ಬೈಗುಳದ ಮೂಲದ ಬಗ್ಗೆ ನೀವು ಹೇಳಿದ್ದನ್ನು ನಾನು ಅಲ್ಲಗಳೆಯಲಾರೆ.

ಉತ್ತರ: ಅಂಧೇರಿಯ ಡಬ್ಬಿಂಗ್ ಬರಹಗಾರ

ಮಗುವಿನ ಬಾಯಲ್ಲಿ ಬರುವ ಆ ‘ನಾಟಕದ ಹಿಂದಿ’ಯನ್ನು ತಯಾರಿಸುವ ಕೆಲಸವನ್ನು ನಾನೂ ಕೆಲವು ವರ್ಷ ಮಾಡಿದ್ದೇನಾದ್ದರಿಂದ, ಆ ಕಡೆಯಿಂದ ಒಂದೆರಡು ವಿಷಯ.

ಡಬ್ ಮಾಡುವಾಗ ನಮ್ಮ ವಾಕ್ಯವನ್ನು ಅರ್ಥ ಅರ್ಧ ನಿರ್ಧರಿಸಿದರೆ, ಉಳಿದರ್ಧವನ್ನು ಪಾತ್ರದ ತುಟಿ ನಿರ್ಧರಿಸುತ್ತದೆ. ತೆರೆಯ ಮೇಲೆ ಬಾಯಿ ಎಷ್ಟು ಹೊತ್ತು ಆಡುತ್ತದೆಯೋ ಅಷ್ಟು ಹೊತ್ತು ಮಾತು ಇರಲೇಬೇಕು, ತುಟಿ ಮುಚ್ಚುವಲ್ಲಿ ಪ, ಬ, ಮ ಬಂದರೆ ಒಳ್ಳೆಯದು. ಜಪಾನೀ ಮಾತಿಗೆ ಹಿಂದಿಯದು ಚಿಕ್ಕದಾಯಿತೆಂದಾಗ ಒಂದು ‘ಅರೇ’, ಒಂದು ‘ಓಹೋ’, ಒಂದು ‘ಕಭೀ ನಹೀ’ ತುಂಬುತ್ತೇವೆ. ಯಾವ ಮನೆಯಲ್ಲೂ ಯಾರೂ ಹಾಗೆ ಮಾತಾಡುವುದಿಲ್ಲ, ಆದರೆ ಮಗು ಮೊದಲು ಹಿಡಿಯುವುದು ಆ ತುಂಬುಮಾತನ್ನೇ. ಕಥೆ ಬದಲಾದರೂ ಅದು ಪದೇಪದೇ ಬರುತ್ತದೆ, ಗಟ್ಟಿ ಧ್ವನಿಯಲ್ಲಿ ಬರುತ್ತದೆ. ಇನ್ನೊಂದು ಸಂಗತಿಯನ್ನು ಪಾಲಕರು ಮರೆಯುತ್ತಾರೆ. ಕಾರ್ಟೂನಿನ ಪುಟ್ಟ ಹುಡುಗರಿಗೆ ದನಿ ಕೊಡುವವರು ಬಹುಪಾಲು ವಯಸ್ಕ ಹೆಂಗಸರು. ಮಗುವೊಂದು ಹೇಗೆ ಮಾತಾಡಬಹುದೆಂದು ದೊಡ್ಡವರು ಊಹಿಸಿ ನಟಿಸಿದ್ದನ್ನು ನಿಜವಾದ ಮಗು ಮತ್ತೆ ನಟಿಸುತ್ತದೆ. ನಿಮ್ಮ ಮಗನ ಎದುರುತ್ತರ ಅಷ್ಟು ಚುರುಕಾಗಿದ್ದರೆ, ಅದನ್ನು ಬರೆದವನಿಗೆ ನಲವತ್ತು ದಾಟಿರುತ್ತದೆ.

ತುಂಟ ಹುಡುಗನ ಕಾರ್ಟೂನ್ ಎಂದಾಗ ಎಲ್ಲರ ನೆನಪಿಗೂ ‘ಶಿನ್‌ಚಾನ್’ ಬರುವುದರಿಂದ ಹೇಳುತ್ತೇನೆ. ಅದು 1990ರಲ್ಲಿ ಜಪಾನಿನಲ್ಲಿ ಚಿತ್ರಕಥೆಯಾಗಿ ಶುರುವಾದದ್ದು ದೊಡ್ಡವರು ಓದುವ ವಾರಪತ್ರಿಕೆಯೊಂದರಲ್ಲಿ. ಮಗುವಿನ ಬಾಯಿಂದ ದೊಡ್ಡವರ ಕಪಟವನ್ನು ಬಯಲಿಗೆಳೆಯುವ ಹಾಸ್ಯ ಅದರದು. ಚಿತ್ರದಲ್ಲಿ ಐದು ವರ್ಷದ ಹುಡುಗನಿದ್ದಾನೆಂಬ ಕಾರಣಕ್ಕೆ ನಮ್ಮಲ್ಲಿ ಅದನ್ನು ಐದು ವರ್ಷದವರ ಮುಂದಿಟ್ಟರು. 2008ರಲ್ಲಿ ನಮ್ಮ ಸರ್ಕಾರ ಅದರ ಪ್ರಸಾರ ನಿಲ್ಲಿಸಿತು, ಮುಂದೆ ಕತ್ತರಿ ಹಾಕಿಸಿಕೊಂಡು ಅದು ಮರಳಿ ಬಂತು. ಮಕ್ಕಳ ಕಾರ್ಯಕ್ರಮಗಳಲ್ಲಿ ಕೆಟ್ಟ ಭಾಷೆಯಾಗಲಿ ಹಿಂಸೆಯ ನೇರ ದೃಶ್ಯವಾಗಲಿ ಇರದಂತೆ ನೋಡಿಕೊಳ್ಳಬೇಕೆಂದು 1994ರ ಕೇಬಲ್ ಟಿವಿ ನಿಯಮಗಳಲ್ಲೇ ಇದೆ. ಆದರೆ ಹಿರಿಯರನ್ನು ಹಂಗಿಸುವ ಧಾಟಿಗೆ ಯಾವ ನಿಯಮವನ್ನು ಹಚ್ಚುತ್ತೀರಿ? ಶಬ್ದಗಳನ್ನು ಕತ್ತರಿಸಬಹುದು, ಹುಬ್ಬು ಕುಣಿಸುವುದನ್ನು ಕತ್ತರಿಸಲಾಗದು.

ಕನ್ನಡದ ಮಾತಿಗೆ ಬಂದರೆ, ಕರ್ನಾಟಕದಲ್ಲಿ ಡಬ್ಬಿಂಗಿಗೆ ದಶಕಗಳ ಕಾಲ ವಿರೋಧವಿತ್ತು. ಡಬ್ಬಿಂಗ್ ತಡೆಯುತ್ತಿದ್ದ ಸಂಘಟನೆಗಳ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗ ಆದೇಶ ನೀಡಿದ್ದು 2015ರಲ್ಲಿ. ಅಷ್ಟರೊಳಗೆ ಹಿಂದಿ ಕಾರ್ಟೂನುಗಳು ಗದಗದ ಮನೆಗಳಿಗೂ ಹೊಕ್ಕಾಗಿತ್ತು. ಇದು ಮುಂಬಯಿಯ ಕನ್ನಡಿಗರ ಸಂಕಟ ಮಾತ್ರವೆಂದು ತಿಳಿಯಬೇಡಿ.

ಡೊಂಬಿವಲಿಯ ತಾಯಿ

ಇಷ್ಟೊಂದು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಮಾಸ್ತರರೇ, ಕೇಬಲ್‌ನವನಿಗೆ ಹೇಳಿದ್ದೇನೆ, ಮುಂದಿನ ತಿಂಗಳಿಂದ ಹಾಕಿಕೊಡುತ್ತಾನಂತೆ. ಚಿಂಗಮ್‌ನ ಧಾಟಿಯನ್ನು ಮಗ ಆಡುವುದು ನನಗೆ ಈವರೆಗೆ ಬರೀ ತಮಾಷೆಯಾಗಿ ಕಂಡಿತ್ತು, ಈಗ ಬೇರೆಯಾಗಿ ಕೇಳಿಸುತ್ತಿದೆ.

ಪುಣೆಯ ಅಕ್ಕಾವರಲ್ಲಿ ಎರಡು ಪ್ರಶ್ನೆಗಳು. ಅವನು ಹಿಂದಿಯ ಸಾಲು ಹೇಳಿದಾಗ ಅತ್ತೆಯವರು ಕೇಳಿಸದವರಂತೆ ಇರಬೇಕೇ, ತಿದ್ದಬೇಕೇ? ಮತ್ತು ಟಿವಿ ಆರಿಸಿ ಎಂದು ಅತ್ತೆಯವರಿಗೆ ನಾನು ಹೇಗೆ ಹೇಳಲಿ? ಇಡೀ ದಿನ ನಾಲ್ಕು ಗೋಡೆಗಳ ನಡುವೆ ಇರುವ ಅವರಿಗೆ ಊರಿನ ಮಾತು ಕೇಳಿಸುವುದು ಆ ಧಾರಾವಾಹಿಯಲ್ಲಿ ಮಾತ್ರ. ಅದನ್ನೂ ಕಸಿದುಕೊಂಡರೆ ಅವರು ಗದಗಿಗೆ ಹೊರಟು ನಿಲ್ಲುತ್ತಾರೆ.

ಮರುಉತ್ತರ: ಪುಣೆಯ ಸ್ಪೀಚ್ ಥೆರಪಿಸ್ಟ್

ಕೇಳಿಸದವರಂತೆ ಇರುವುದು ಬೇಡ, ‘ಹಾಗನ್ನಬಾರದು’ ಎಂದು ತಿದ್ದುವುದೂ ಬೇಡ. ಅವನು ಹೇಳಿದ್ದಕ್ಕೆ ಅಜ್ಜಿ ತಮ್ಮ ಕನ್ನಡದಲ್ಲಿ, ನಗದೆ, ನಿಜವಾದ ಮಾತಿಗೆ ಉತ್ತರ ಕೊಡುವಂತೆ ಕೊಡಲಿ: ‘ಯಾಕಾಗೂದಿಲ್ಲ? ಹಸಿವಿ ಆಗಿಲ್ಲೇನು ನಿನಗ? ಮತ್ತ ರೊಟ್ಟಿ ಯಾರ ತಿನ್ನವ್ರು?’ ಎಂದರೆ ಸಾಕು, ಮುಂದಿನ ಮಾತಿಗೆ ಕಾರ್ಟೂನಿನಲ್ಲಿ ಸಿದ್ಧ ಸಾಲು ಇರುವುದಿಲ್ಲ, ಅವನು ತನ್ನದನ್ನು ಹುಡುಕಲೇಬೇಕಾಗುತ್ತದೆ. ಹಿರಿಯರನ್ನು ಹಂಗಿಸುವ ಧಾಟಿಗೆ ಮಾತ್ರ ಮನೆಯಲ್ಲಿ ಯಾರೂ ನಗದಿರಲಿ. ನೆಂಟರಿಗೂ ಬಾಗಿಲಲ್ಲೇ ಹೇಳಿಬಿಡಿ. ಗುದ್ದಿಗೆ ಬೇರೆ ಕ್ರಮ ಬೇಕು. ಕೈ ಹಿಡಿದು ನಿಲ್ಲಿಸಿ, ಎದುರು ಮನೆಯ ಹುಡುಗನಿಗೆ ನೋವಾಯಿತೆಂದು ಅವನ ಮುಖ ತೋರಿಸಿ ಹೇಳಬೇಕು. ಕಾರ್ಟೂನಿನಲ್ಲಿ ಪೆಟ್ಟು ತಿಂದವನು ಮರುಕ್ಷಣ ಎದ್ದು ಓಡುತ್ತಾನೆ, ಆ ಭಾಗವನ್ನು ಅದು ತೋರಿಸುವುದೇ ಇಲ್ಲ.

ಅತ್ತೆಯವರ ಧಾರಾವಾಹಿಯನ್ನು ಖಂಡಿತ ಕಸಿಯಬೇಡಿ. ಮಗ ಮಧ್ಯಾಹ್ನ ಮಲಗುವ ಹೊತ್ತಿಗೆ ಅದನ್ನು ಸರಿಸಿ; ಸಮಯ ಹೊಂದದಿದ್ದರೆ ಹಿಂದಿನ ದಿನದ ಸಂಚಿಕೆಯನ್ನು ಮೊಬೈಲಿನಲ್ಲಿ ತೆಗೆದುಕೊಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮೂರು–ನಾಲ್ಕು ವರ್ಷದ ಮಕ್ಕಳಿಗೆ ಕುಳಿತು ತೆರೆ ನೋಡುವ ಹೊತ್ತು ದಿನಕ್ಕೆ ಒಂದು ಗಂಟೆ ಮೀರಬಾರದೆಂದಿದೆ. ಆ ಒಂದು ಗಂಟೆಯ ಕಾರ್ಟೂನನ್ನು ಅಜ್ಜಿಯೂ ಅವನೊಡನೆ ಕುಳಿತು ನೋಡಲಿ. ಅವರಿಗೆ ಹಿಂದಿ ಬಾರದಿರುವುದು ಇಲ್ಲಿ ಅನುಕೂಲವೇ. ‘ಅಂವ ಏನಂದ? ನನಗ ತಿಳೀಲಿಲ್ಲ’ ಎಂದು ಅವರು ನಿಜವಾಗಿಯೇ ಕೇಳಬಹುದು, ಅವನು ನಿಜವಾಗಿಯೇ ಕನ್ನಡದಲ್ಲಿ ಬಿಡಿಸಿ ಹೇಳಬೇಕಾಗುತ್ತದೆ. ಕನ್ನಡದ ಚಾನೆಲ್ ಬಂದ ಮೇಲೂ ವಾರದಲ್ಲಿ ಒಂದೆರಡು ದಿನ ಹಿಂದಿಯದನ್ನೇ ಹೀಗೆ ನೋಡುವುದನ್ನು ಬಿಡಬೇಡಿ.